ಆರೈಕೆ ಮಾಡುವವರಿಗಾಗಿ ಒಂದು ಶಿಬಿರ: ಬದಿಯಡ್ಕದ ಅನುಭವ

ಮನಸ್ಸಿನ ಸಂಕಟಕ್ಕೆ ಕನ್ನಡದಲ್ಲೇ ಸಲಹೆ ಬೇಕೆನ್ನುವ ಕಾಸರಗೋಡಿನವರು ಸಾಮಾನ್ಯವಾಗಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ, ಕೋವಿಡ್ ಕಾಲದಲ್ಲಿ, ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ಮೇಲೆ ಆ ಆಸರೆ ಎಷ್ಟು ದುರ್ಬಲವೆಂಬುದು ಎಲ್ಲರಿಗೂ ತಿಳಿಯಿತು. ಆದ್ದರಿಂದ ಬದಿಯಡ್ಕದ ಬಳಿ ವಾರಕ್ಕೊಮ್ಮೆ ಕನ್ನಡದಲ್ಲಿ ನಡೆಯುವ ಈ ಆಪ್ತಸಲಹಾ ಶಿಬಿರಕ್ಕೆ ನಾನು ಸೇರಿದೆ. ಶುಲ್ಕ ಅಲ್ಪ, ಮಂಗಳೂರಿಗೆ ಹೋಗಿ ವೈದ್ಯರನ್ನು ಕಂಡು ಬರುವ ಖರ್ಚಿಗಿಂತ ಎಷ್ಟೋ ಕಡಿಮೆ.

ಶಿಬಿರದ ತಳಹದಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಪ್ರಕಟಿಸಿದ ವಿಚಾರ: ತನ್ನ ಬಗ್ಗೆ ದಯೆ, ಕಷ್ಟ ತನಗೊಬ್ಬಳಿಗೇ ಬಂದದ್ದಲ್ಲ ಎಂಬ ಅರಿವು, ನೋವನ್ನು ಹಿಗ್ಗಿಸದೆ, ಅಡಗಿಸದೆ ಗಮನಿಸುವ ಎಚ್ಚರ. ಬಂದವರಲ್ಲಿ ಹಲವರು ಎಣ್ಮಕಜೆಯ ಕಡೆಯ ತಾಯಂದಿರು. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರ ಪರಿಣಾಮವನ್ನು ಅವರು ಇಂದಿಗೂ ಮನೆಯೊಳಗೆ ಹೊತ್ತುಕೊಂಡಿದ್ದಾರೆ. ಮಗುವನ್ನು ಮಲಗಿಸಿ ಅರ್ಧ ಗಂಟೆ ಸುಮ್ಮನೆ ಕುಳಿತರೂ ಅಪರಾಧಿ ಭಾವ ಕಾಡುತ್ತದೆ ಎಂದು ಒಬ್ಬರು ಹೇಳಿದಾಗ, ಶಿಬಿರ ನಡೆಸುವವರು ಉಪದೇಶಕ್ಕಿಳಿಯದೆ, ನೆರೆಮನೆಯವಳು ಇದೇ ಮಾತನ್ನು ಹೇಳಿದ್ದರೆ ನೀವು ಏನೆನ್ನುತ್ತಿದ್ದಿರಿ ಎಂದು ಕೇಳಿ, ಆ ಉತ್ತರವನ್ನು ಅವರವರ ಮನೆಮಾತಿನಲ್ಲೇ, ಹವ್ಯಕವಾಗಲಿ ತುಳುವಾಗಲಿ, ತಮಗೆ ತಾವೇ ಬರೆದ ಪತ್ರದಂತೆ ಬರೆಸಿದರು. ನನ್ನ ಮಟ್ಟಿಗೆ ಶಿಬಿರದ ಸಾರವೆಲ್ಲ ಈ ಒಂದು ಅಭ್ಯಾಸದಲ್ಲಿದೆ. ಬೇರೆಯವರಿಗೆ ಧಾರಾಳವಾಗಿ ಕೊಡುವ ಸಮಾಧಾನದಲ್ಲಿ ತಮಗೂ ಪಾಲಿದೆ ಎಂಬುದನ್ನು ವಾದದಿಂದ ಒಪ್ಪಿಸುವುದು ಕಷ್ಟ. ಬರೆದದ್ದನ್ನು ತಾವೇ ಓದಿಕೊಂಡಾಗ ಅದು ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಉಸಿರಾಟದ ಅಭ್ಯಾಸ ಚೆನ್ನಾಗಿದೆಯಾದರೂ ಅದರೊಂದಿಗೆ ಕೇಳಿಸುವ ಧ್ವನಿಮುದ್ರಿಕೆಯಲ್ಲಿ ಅಲೆಗಳ ಸದ್ದು ತುಂಬಿದೆ. ಮಳೆಗಾಲದಲ್ಲಿ ಕಡಲ್ಕೊರೆತ ಕಂಡಿರುವ ಉಪ್ಪಳದವರಿಗೆ ಅದು ಹೇಗೆ ನೆಮ್ಮದಿ ತರುತ್ತದೆಯೋ ನಾನರಿಯೆ!

ಹೆಚ್ಚಿನ ಆಕ್ಷೇಪವಿರುವುದು ವ್ಯವಸ್ಥೆಯ ಬಗ್ಗೆ. ಆರೈಕೆ ಮಾಡುವವರಿಗೆಂದೇ ಇರುವ ಶಿಬಿರವನ್ನು ಬೆಳಗ್ಗೆ ಹತ್ತಕ್ಕೆ, ಅಂದರೆ ಅವರು ಮನೆ ಬಿಡಲಾಗದ ಹೊತ್ತಿನಲ್ಲಿ, ಇಟ್ಟಿದ್ದಾರೆ. ಮಕ್ಕಳನ್ನು ಕರೆತಂದರೆ ನೋಡಿಕೊಳ್ಳಲು ಯಾರೂ ಇಲ್ಲ. ವಾರಗಟ್ಟಲೆ ನಿದ್ರೆಯಿಲ್ಲದವರು, ಬದುಕೇ ಬೇಡವೆನಿಸಿದವರು ಇಂಥ ಅಭ್ಯಾಸಗಳನ್ನಷ್ಟೇ ನಂಬದೆ ವೈದ್ಯರನ್ನು ಕಾಣಬೇಕೆಂಬ ಮಾತನ್ನು ಮೊದಲ ದಿನವೇ ಹೇಳಬೇಕಿತ್ತು. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ದಿನದ 24 ಗಂಟೆಯೂ ಉಚಿತವಾಗಿ ಕರೆ ಸ್ವೀಕರಿಸುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊನೆಯ ದಿನ ಹಂಚಿದ ಹಾಳೆಯ ಬೆನ್ನಲ್ಲಿ ಮಾತ್ರ ಇತ್ತು.

ಇಷ್ಟಾದರೂ, ರೋಗಿಗಳನ್ನು ನೋಡಿಕೊಳ್ಳುತ್ತ ತಮ್ಮನ್ನು ಮರೆತವರಿಗೆ ಈ ಶಿಬಿರವನ್ನು ನಾನು ಶಿಫಾರಸು ಮಾಡುತ್ತೇನೆ. ಸೇರುವ ಮುನ್ನ ಮಧ್ಯಾಹ್ನದ ತಂಡವಿದೆಯೇ ಎಂದು ವಿಚಾರಿಸಿ. ಕೇಳುವವರು ಹೆಚ್ಚಾದರೆ ಆರಂಭಿಸುವುದಾಗಿ ನಡೆಸುವವರು ಹೇಳಿದ್ದಾರೆ.