ಹಳೇ ಹೊಲಿಗೆ ಮಷಿನ್ "ಹೊಸದರ ಹಾಗೆ ಮಾಡಿಕೊಡ್ತೀವಿ" ಅನ್ನುವವರ ಕೈಗೆ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಳೇ ಸಿಂಗರ್, ಫಾಫ್, ಉಷಾ ಮಷಿನ್ ಇಟ್ಟುಕೊಂಡಿರುವವರು, ಸಂತೆ ಗುಜರಿ ಸುತ್ತಿ ಹುಡುಕಿ ತರುವವರು ದಯವಿಟ್ಟು ಪೂರ್ತಿ ಓದಿ. ನೂರು ವರ್ಷ ಬಾಳಿದ ಒಂದು ಮಷಿನ್ನನ್ನು ರಿಪೇರಿ ಹೆಸರಲ್ಲಿ ಹಾಳು ಮಾಡಿ ನನ್ನ ಕೈಗೆ ಕೊಟ್ಟಿದ್ದಾರೆ. ನಿಮಗೆ ಹೀಗೆ ಆಗಬಾರದು.

ಅದು ಸಿಂಗರ್ ಕಂಪನಿಯ 27ಕೆ ಅನ್ನುವ ಮಾಡೆಲ್. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಮಷಿನ್ ಮೇಲಿನ ಸೀರಿಯಲ್ ನಂಬರ್ ಎಫ್ ಅಕ್ಷರದಿಂದ ಶುರುವಾಗುತ್ತಿತ್ತು, ಅಂದರೆ 1910ರಿಂದ 1920ರ ಸುಮಾರಿನದು. ಮೈಮೇಲೆ ಬಂಗಾರದ ಬಣ್ಣದ ಸ್ಫಿಂಕ್ಸ್ ಚಿತ್ರ, ಸುತ್ತ ಬಳ್ಳಿ, ನಡುವೆ ಅಲ್ಲಲ್ಲಿ ಕೆಂಪು ಹಸಿರು. ಕೈ ಆಡಿದ ಕಡೆ ಸ್ವಲ್ಪ ಸವೆದಿತ್ತು, ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು. ತರೀಕೆರೆ ಕಡೆಯ ಒಬ್ಬ ಹಿರಿಯ ಟೈಲರ್ ಹತ್ತಿರ ತೆಗೆದುಕೊಂಡಿದ್ದು. ಕಣ್ಣು ಮಂಜಾಗಿ ಅವರು ಹೊಲಿಗೆ ಬಿಟ್ಟಿದ್ದರು. "ನೋಡಮ್ಮಾ, ಗುಜರಿಗೆ ಮಾತ್ರ ಹಾಕಬೇಡ" ಅಂತ ಹೇಳಿ ಕೊಟ್ಟರು.

ಮಷಿನ್‌ಗೆ ಇದ್ದದ್ದು ಒಂದೇ ತೊಂದರೆ. ಚಕ್ರ ತಿರುಗುತ್ತಿರಲಿಲ್ಲ. ಆ ಮನೆಯಲ್ಲಿ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅಡುಗೆಗೆ ಬಳಸುವ ಎಣ್ಣೆ ಬಿಟ್ಟರೆ ಅದು ದಿನ ಕಳೆದಂತೆ ಧೂಳು ಸೇರಿ ಅಂಟಂಟಾಗಿ ಗಟ್ಟಿಯಾಗುತ್ತದೆ, ಒಳಗಿನ ಕೀಲುಗಳನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಇದು ದೊಡ್ಡ ಕಾಯಿಲೆಯೇ ಅಲ್ಲ. ಆದರೆ ಆಗ ನಮ್ಮ ಮನೆ ಬದಲಾಯಿಸುವ ಗಲಾಟೆ ನಡೆಯುತ್ತಿತ್ತು, ಕೂತು ಮಾಡಲು ಪುರುಸೊತ್ತಿರಲಿಲ್ಲ. ಹಳೇ ಮಷಿನ್‌ಗಳನ್ನು ಪಳಪಳ ಹೊಳೆಯುವ ಹಾಗೆ ಮಾಡಿ ವಿಡಿಯೋ ಹಾಕುವ ಒಬ್ಬರಿಗೆ ಫೋನ್ ಮಾಡಿದೆ. ಹೆಸರು ಬರೆಯುವುದಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ಫೋನಿನಲ್ಲೇ ಬಿಡಿಸಿ ಹೇಳಿದೆ. ಒಳಗೆ ಕ್ಲೀನ್ ಮಾಡಿ, ಎಣ್ಣೆ ಬಿಡಿ, ಚಕ್ರ ತಿರುಗಿದರೆ ಸಾಕು, ಬಣ್ಣ ಮುಟ್ಟಬೇಡಿ. ಮೆಸೇಜಿನಲ್ಲೂ ಅದನ್ನೇ ಬರೆದೆ. "ಆಯ್ತು ಮೇಡಂ, ನೀವೇನೂ ಯೋಚನೆ ಮಾಡಬೇಡಿ" ಅಂದರು. ಅರ್ಧ ಹಣ ಮುಂಗಡ ತೆಗೆದುಕೊಂಡರು. ಹೇಳಿದ ದಿನಕ್ಕೆ ಕೊಡಲಿಲ್ಲ. ಫೋಟೋ ಕೇಳಿದರೆ ಸರ್‌ಪ್ರೈಸ್ ಇರಲಿ ಮೇಡಂ ಅಂದರು.

ಬಂದ ಮಷಿನ್ ಕನ್ನಡಿಯ ಹಾಗೆ ಮಿನುಗುತ್ತಿತ್ತು. ಸ್ಫಿಂಕ್ಸ್ ಇಲ್ಲ, ಬಳ್ಳಿ ಇಲ್ಲ. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ, ಉಪ್ಪುಕಾಗದ ಹಾಕಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಮೇಲೆ ಕಾರಿಗೆ ಹೊಡೆಯುವ ಕಪ್ಪು ಸ್ಪ್ರೇ ಹೊಡೆದು, ಯಾವುದೋ ಹೂವಿನ ಸ್ಟಿಕ್ಕರ್ ಅಂಟಿಸಿದ್ದರು. ಕಂಬದ ಮೇಲಿದ್ದ ಮೊಟ್ಟೆಯಾಕಾರದ ಹಿತ್ತಾಳೆ ಬ್ಯಾಡ್ಜ್ ಕಿತ್ತು ಗಮ್ಮಿನಲ್ಲಿ ಸೊಟ್ಟಗೆ ಕೂರಿಸಿದ್ದರು. ನಂಬರಿನ ಮೇಲೆ ಬಣ್ಣ ತುಂಬಿಕೊಂಡು ಓದಲು ಆಗುತ್ತಿರಲಿಲ್ಲ. ಎಣ್ಣೆ ಬಿಡುವ ತೂತುಗಳೂ ಬಣ್ಣದಲ್ಲಿ ಮುಚ್ಚಿದ್ದವು! ಹೊಲಿಗೆ ಮಷಿನ್ ರಿಪೇರಿ ಮಾಡುವವರು ಎಣ್ಣೆ ತೂತು ಮುಚ್ಚುತ್ತಾರೆ ಅಂದರೆ ಏನು ಹೇಳೋದು.

ಆಮೇಲೆ ಒಂದೊಂದೇ ಕಾಣತೊಡಗಿತು. ಸೂಜಿ ಕಡೆಯ ಮುಖದ ತಟ್ಟೆಯಲ್ಲಿ ಕೆತ್ತನೆ ಇತ್ತು, ಅದರ ಜಾಗದಲ್ಲಿ ಬೋಳು ತಟ್ಟೆ. ಮುಂದಿನ ಜಾರುತಟ್ಟೆ ತೆಗೆದರೆ ಶಟಲ್ಲೇ ಇಲ್ಲ. 27ರಲ್ಲಿ ನಾವು ದಿನಾ ನೋಡುವ ಗುಂಡು ಬಾಬಿನ್ ಇರುವುದಿಲ್ಲ. ಉದ್ದನೆಯ ತೆಳು ಬಾಬಿನ್, ಅದು ಕೂರುವುದಕ್ಕೆ ಬುಲೆಟ್ ಆಕಾರದ ಶಟಲ್. ಮಾಮೂಲಿ ಮಷಿನ್ ಅಂಗಡಿಗೆ ಹೋಗಿ ಕೇಳಿದ ತಕ್ಷಣ ಸಿಗುವ ವಸ್ತು ಅಲ್ಲ. ಅದಿಲ್ಲದೆ ಒಂದು ಹೊಲಿಗೆಯೂ ಬೀಳುವುದಿಲ್ಲ. ಕೇಳಿದರೆ "ನೀವು ಕೊಟ್ಟಾಗಲೇ ಇರಲಿಲ್ಲ" ಅಂದರು. ಕೊಡುವ ಮುಂಚೆ ತೆಗೆದ ಫೋಟೋ ಕಳಿಸಿದೆ. ಅಲ್ಲಿಗೆ ಉತ್ತರ ನಿಂತಿತು. ಬಣ್ಣದ ಬಗ್ಗೆ ಮಾತ್ರ ಒಂದು ಮಾತು ಹೇಳಿದ್ದರು, ಕಸ್ಟಮರ್‌ಗಳೆಲ್ಲ ಹೊಸದಾಗಿ ಕಾಣಬೇಕು ಅಂತಾರೆ ಮೇಡಂ, ನಿಮಗೂ ಇಷ್ಟ ಆಗುತ್ತೆ ಅಂದುಕೊಂಡೆ ಅಂತ.

ನನಗೆ ಹಣಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಆ ಚಿತ್ತಾರಕ್ಕೆ. ಶಟಲ್ ಇವತ್ತಲ್ಲ ನಾಳೆ ಎಲ್ಲಾದರೂ ಸಿಗಬಹುದು. ಕಾರ್ಖಾನೆಯಲ್ಲಿ ಜಪಾನ್ ಅನ್ನುವ ಹೊಳಪಿನ ಕಪ್ಪು ಬಣ್ಣ ಬಳಿದು, ಒಲೆಯಲ್ಲಿ ಸುಟ್ಟು, ಅದರ ಮೇಲೆ ಚಿತ್ರ ಇಳಿಸಿ, ಚಿತ್ರ ಉಳಿಯಲಿ ಅಂತ ಮೇಲೊಂದು ತೆಳು ವಾರ್ನಿಷ್ ಹಾಕುತ್ತಿದ್ದರು. ಒಮ್ಮೆ ಉಜ್ಜಿದರೆ ಅದು ಹೋಯಿತು. ಈಗ ಅಂಥದೇ ಚಿತ್ರ ಪ್ರಿಂಟ್ ಮಾಡಿ ಮಾರುವವರಿದ್ದಾರೆ ನಿಜ, ಆದರೆ ಆ ಟೈಲರ್ ಕೈ ಇಟ್ಟು ಸವೆಸಿದ ಜಾಗ ಪ್ರಿಂಟಿನಲ್ಲಿ ಬರುತ್ತದಾ? ಹಳೇ ಮಷಿನ್ ಕೂಡಿಡುವವರು ಸವೆದ ಮೂಲ ಬಣ್ಣಕ್ಕೆ ಕೊಡುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕೆ ಕೊಡುವುದಿಲ್ಲ, ಇದನ್ನೂ ತಲೆಯಲ್ಲಿಡಿ.

ನಿಮ್ಮದು ಸಿಂಗರ್ 15 ಮಾಡೆಲ್ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ನಮ್ಮ ಉಷಾ, ಮೆರಿಟ್ ಕಪ್ಪು ಮಷಿನ್‌ಗಳಲ್ಲಿ ಹೆಚ್ಚಿನವು ಅದೇ 15ರ ವಿನ್ಯಾಸದವು. ಲೂಧಿಯಾನದಲ್ಲಿ ತಯಾರಾಗುವ ಬಾಬಿನ್ ಕೇಸ್, ದಾರ ಬಿಗಿ ಮಾಡುವ ಟೆನ್ಷನ್, ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಅದಕ್ಕೆ ಸಲೀಸಾಗಿ ಕೂರುತ್ತವೆ. ಮಷಿನ್ ಓಡಿಸುವವರಿಗೆ ಇದು ಒಳ್ಳೆಯ ವಿಷಯವೇ. ಆದರೆ ಹಳೇ ಗಟ್ಟಿ ಭಾಗ ಬಿಚ್ಚಿಟ್ಟುಕೊಂಡು ಅಗ್ಗದ್ದು ಹಾಕಿ ಕಳಿಸಿದರೆ ಮಷಿನ್ ಹೊಲಿಯುತ್ತಲೇ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. 27ರಲ್ಲಿ ಶಟಲ್ ಇಲ್ಲದ್ದಕ್ಕೆ ನನಗೆ ಕೂಡಲೇ ಗೊತ್ತಾಯಿತು, ಅಷ್ಟೇ.

ಬಿಗಿದುಕೊಂಡ ಮಷಿನ್‌ಗೆ ನಿಜವಾಗಿ ಬೇಕಾದದ್ದು ಸೀಮೆಎಣ್ಣೆ ಮತ್ತು ತಾಳ್ಮೆ. ಎಣ್ಣೆ ತೂತುಗಳಿಗೆ, ಲೋಹಕ್ಕೆ ಲೋಹ ಉಜ್ಜುವ ಎಲ್ಲ ಕಡೆ ಕೆಲವು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ, ಬಲ ಹಾಕಬೇಡಿ. ಬರದಿದ್ದರೆ ಮತ್ತೆ ಬಿಡಿ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಬಿಗಿಯಾದ ಕಡೆ ಸ್ವಲ್ಪ ಬಿಸಿ ತಾಗಿಸಬಹುದು. ಆದರೆ ಸೀಮೆಎಣ್ಣೆ ಬಿಟ್ಟಿರುವಾಗ ಇದನ್ನು ಮಾಡಬೇಡಿ, ಬೆಂಕಿಯ ಭಯ. ತಿರುಗಿದ ಮೇಲೆ ಕೊಳೆ ಒರೆಸಿ ಮಷಿನ್ ಎಣ್ಣೆ ಬಿಡಿ. ಚಿತ್ರದ ಮೇಲಿನ ಕೊಳೆಗೆ ಹತ್ತಿಯಲ್ಲಿ ಅದೇ ಮಷಿನ್ ಎಣ್ಣೆ ಅದ್ದಿ ಮೆತ್ತಗೆ ಒರೆಸಿದರೆ ಸಾಕು. ಸ್ಪಿರಿಟ್, ಥಿನ್ನರ್, ಗಾಜು ಒರೆಸುವ ದ್ರವ ಯಾವುದೂ ಹತ್ತಿರ ತರಬೇಡಿ. ಹಳೇ ವಾರ್ನಿಷ್ ಸ್ಪಿರಿಟ್‌ಗೆ ಕರಗುತ್ತದೆ, ಹಿಂದೆಯೇ ಬಂಗಾರದ ಚಿತ್ರವೂ ಬಟ್ಟೆಗೆ ಬರುತ್ತದೆ.

ಹೊರಗೆ ಕೊಡಲೇಬೇಕಾದರೆ ಮೊದಲು ಫೋಟೋ ತೆಗೆಯಿರಿ. ನಾಲ್ಕೂ ಕಡೆ, ನಂಬರ್, ಬ್ಯಾಡ್ಜ್, ಮುಖದ ತಟ್ಟೆ, ಮಷಿನ್ ಮಗುಚಿ ತಳ, ಬಾಬಿನ್ ಜಾಗ. ಶಟಲ್ಲೋ ಬಾಬಿನ್ ಕೇಸೋ ಮನೆಯಲ್ಲೇ ತೆಗೆದಿಡಿ, ಚಕ್ರ ಬಿಡಿಸುವ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ಯಾವ ಕೆಲಸ ಮಾಡಬೇಕು, ಯಾವುದು ಮಾಡಬಾರದು ಅಂತ ಬರೆಸಿ ಅವರ ಸಹಿ ಹಾಕಿಸಿಕೊಳ್ಳಿ. "ಸುಮ್ನೆ ಯಾಕೆ ಮೇಡಂ, ನಂಬಿಕೆ ಇಲ್ವಾ" ಅನ್ನುವವರಿಗೆ ಕೊಡಬೇಡಿ. ಕೆಲಸ ಮಾಡಿಸಿಕೊಂಡ ಇಬ್ಬರು ಮೂವರ ಹತ್ತಿರ ಮಾತಾಡಿ, ಬರೀ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ. ಮೂಲ ಬಣ್ಣ ಉಳಿಸಿ ಕೆಲಸ ಮಾಡುವ ಮೆಕ್ಯಾನಿಕ್‌ಗಳು ಇದ್ದಾರೆ. ಹೆಚ್ಚಿನವರು ವಯಸ್ಸಾದವರು, ಹಳೇ ಪೇಟೆಯ ಸಣ್ಣ ಅಂಗಡಿಗಳಲ್ಲಿ ಕೂತಿರುತ್ತಾರೆ, ವಿಡಿಯೋ ಹಾಕುವುದಿಲ್ಲ.

ವಾಪಸ್ ತರುವಾಗ ಎರಡು ಪದರ ಕಾಟನ್ ಬಟ್ಟೆ, ದಾರ, ತೆಗೆದಿಟ್ಟ ಶಟಲ್ ಜೊತೆಗೆ ಒಯ್ಯಿರಿ. ಫೋಟೋ ಪಕ್ಕದಲ್ಲಿಟ್ಟು ಎಲ್ಲ ಹೋಲಿಸಿ ನೋಡಿ. ಅಲ್ಲೇ ಹೊಲಿದು, ಬಟ್ಟೆ ತಿರುಗಿಸಿ ಕೆಳಗಿನ ಹೊಲಿಗೆಯನ್ನೂ ನೋಡಿ, ಆಮೇಲೆ ಉಳಿದ ಹಣ ಕೊಡಿ.