ಓದುವವರು ನಮ್ಮನ್ನು ಬಿಟ್ಟು ಹೋಗುವುದು ಎಲ್ಲಿಗೆ?

ಧಾರವಾಡದವರು ಯಾವ ಪುಸ್ತಕ ಕೊಂಡರು, ಮೈಸೂರಿನವರು ಯಾವ ತಂತ್ರಾಂಶ ಹಾಕಿಸಿದರು ಎಂದು ವಿಚಾರಿಸುವುದನ್ನೇ ವಿಶ್ವವಿದ್ಯಾಲಯದ ಗ್ರಂಥಾಲಯದವರಾದ ನಾವು ಸ್ಪರ್ಧೆಯ ಅಧ್ಯಯನ ಎಂದುಕೊಂಡಿದ್ದೇವೆ. ನಮ್ಮ ಓದುಗರು ಹೋಗುತ್ತಿರುವುದು ಕಲಬುರಗಿ ಪೇಟೆಯ ಖಾಸಗಿ ರೀಡಿಂಗ್ ರೂಮುಗಳಿಗೆ, ಇಲ್ಲವೇ ಮೊಬೈಲಿಗೆ. ಹಾಗಾಗಿ ಆ ಎರಡನ್ನೂ ಬಳಸಿ ನೋಡಿದೆ. ಶುಲ್ಕ ಕಟ್ಟಿದೆ, ನಾನು ಯಾರೆಂಬುದನ್ನೂ ಮುಚ್ಚಿಡಲಿಲ್ಲ.

ರೀಡಿಂಗ್ ರೂಮಿನಲ್ಲಿ ಪುಸ್ತಕ ಹೆಸರಿಗಷ್ಟೇ: ಒಂದೆರಡು ದಿನಪತ್ರಿಕೆ, ಕೆಎಎಸ್ ಪರೀಕ್ಷೆಯ ಕೆಲವು ಗೈಡುಗಳು. ಆದರೆ ಪ್ರತಿ ಕುರ್ಚಿಗೂ ಸಂಖ್ಯೆ, ಎರಡೂ ಬದಿಗೆ ಪ್ಲೈವುಡ್ ಅಡ್ಡಹಲಗೆ, ಮೇಜಿನ ಕೆಳಗೆ ಪ್ಲಗ್ ಪಾಯಿಂಟ್. ಪಕ್ಕದ ಹುಡುಗಿ ಹಲಗೆಗೆ ವೇಳಾಪಟ್ಟಿ ಅಂಟಿಸಿಕೊಂಡಿದ್ದಳು. ಪುಸ್ತಕ, ನೀರಿನ ಬಾಟಲಿ ಎಲ್ಲವನ್ನೂ ಅಲ್ಲೇ ಬಿಟ್ಟು ನಿಶ್ಚಿಂತೆಯಿಂದ ಚಹಾಕ್ಕೆ ಹೋದಳು. ನಾವಾದರೋ ಬ್ಯಾಗನ್ನು ಬಾಗಿಲಲ್ಲೇ ಇಡಿಸುತ್ತೇವೆ, ಸ್ವಂತ ಪುಸ್ತಕವನ್ನು ಒಳಗೆ ಬಿಡುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಫ್ಯಾನಿನ ಕೆಳಗಿನ ಜಾಗಕ್ಕೆ ಪೈಪೋಟಿ ಬೇರೆ. ‘ಸರ್, ಪುಸ್ತಕ ನಿಮ್ಮಲ್ಲಿವೆ, ಕೂರುವ ಜಾಗ ನಮ್ಮಲ್ಲಿದೆ’ ಎಂದು ಮಾಲೀಕರು ನಕ್ಕರು. ಆ ಜಾಗ ನಾಳೆಯೂ ತನಗೇ ಸಿಗುತ್ತದೆ ಎಂಬ ಖಾತ್ರಿಗೆ ಅಲ್ಲಿ ದುಡ್ಡು.

ಮೊಬೈಲಿನ ಲೆಕ್ಕ ಇಷ್ಟು ಸಲೀಸಲ್ಲ. ತೊಗರಿ ಮಾರುಕಟ್ಟೆಯ ಕುರಿತು ಹುಡುಕಿದಾಗ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಸಂಗ್ರಹಿಸಿಡುವ ಶೋಧಗಂಗಾ ಜಾಲತಾಣದಲ್ಲಿ ಶೀರ್ಷಿಕೆಗಳು ಕ್ಷಣದಲ್ಲಿ ಬಂದವು. ತೆರೆದ ಕನ್ನಡ ಪ್ರಬಂಧ ಮಾತ್ರ ಬರೀ ಸ್ಕ್ಯಾನ್ ಮಾಡಿದ ಪುಟಗಳು. ಒಳಗೆ ಒಂದು ಪದ ಹುಡುಕಲೂ ಬರಲಿಲ್ಲ. ಅದೇ ಪ್ರಶ್ನೆ ಕೇಳಿದ್ದಕ್ಕೆ ನಮ್ಮ ಹಿರಿಯ ಸಹಾಯಕರು ಜಿಲ್ಲಾ ಗ್ಯಾಸೆಟಿಯರ್ ತೆಗೆದುಕೊಟ್ಟು, ಎಪಿಎಂಸಿ ವರದಿಗಳ ಕಪಾಟನ್ನೂ ತೋರಿಸಿದರು. ಅವರು ಊಟಕ್ಕೆ ಎದ್ದರೆ ಆ ತಿಳಿವಳಿಕೆಯೂ ಊಟಕ್ಕೆ ಏಳುತ್ತದೆ, ಆ ಮಾತು ಬೇರೆ.

ಸಂಶೋಧನಾ ನಿಯತಕಾಲಿಕೆಗಳಲ್ಲಿ ಮೇಲುಗೈ ನಮ್ಮದೇ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸಿಗುತ್ತಿವೆ. ಯಾವ ರೀಡಿಂಗ್ ರೂಮಿಗೂ ಇದು ಎಟುಕದು. ಆದರೂ ಪಿಎಚ್‌ಡಿ ವಿದ್ಯಾರ್ಥಿಗಳೇ ಒಂದು ಲೇಖನಕ್ಕಾಗಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಗಲಾಚುತ್ತಾರೆ. ನಮ್ಮ ಸೂಚನಾ ಫಲಕದಲ್ಲಿ ಈ ಯೋಜನೆಯ ಸುದ್ದಿಯೇ ಇಲ್ಲ, ಇಂದಿಗೂ ಇರುವುದು ದಂಡದ ದರ.

ಈ ಸಲದ ಬೇಡಿಕೆಪಟ್ಟಿಯಲ್ಲಿ ಪುಸ್ತಕಗಳಿಗಿಂತ ಮೇಲೆ ಬರೆದಿರುವುದು ಇವು: ಕುರ್ಚಿ ಕಾಯ್ದಿರಿಸುವ ವ್ಯವಸ್ಥೆ, ಒಂದು ಸಾಲಿಗಾದರೂ ಪ್ಲಗ್ ಪಾಯಿಂಟ್, ಸ್ವಂತ ಪುಸ್ತಕಕ್ಕೆ ಅನುಮತಿ. ಎ.ಸಿ. ಕೇಳಲಿಲ್ಲ, ಅದರ ಕಡತ ಮೇಜಿನಿಂದ ಮೇಜಿಗೆ ದಾಟುವಷ್ಟರಲ್ಲಿ ಈಗಿರುವ ವಿದ್ಯಾರ್ಥಿಗಳು ಪದವಿ ಮುಗಿಸಿ ಹೋಗಿರುತ್ತಾರೆ.