ಎಸ್.ಪಿ. ರಸ್ತೆಯಿಂದ ತಂದ ವಿಕಿರಣ ಮಾಪಕ: ಮೂರು ವಾರಗಳ ಬಳಕೆಯ ನಂತರ

ಎದುರು ಮನೆಯ ತಾರಸಿಯ ಮೇಲೆ ಮೊಬೈಲ್ ಗೋಪುರ ನಿಂತ ದಿನದಿಂದ ನಮ್ಮ ತಾಯಿಯವರು ರಸ್ತೆ ಕಡೆಯ ಕಿಟಕಿಯನ್ನು ತೆರೆಯುವುದನ್ನೇ ಬಿಟ್ಟಿದ್ದರು. ರಾಜಾಜಿನಗರದ ನಮ್ಮ ಅಡ್ಡರಸ್ತೆಯಲ್ಲಿ ಆ ಗೋಪುರದ ಬಗ್ಗೆ ಒಬ್ಬೊಬ್ಬರೂ ಒಂದೊಂದು ಮಾತು ಹೇಳುತ್ತಿದ್ದರು. ಅಳೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಆದ್ದರಿಂದ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಸುಮಾರು 4,000 ರೂಪಾಯಿ ಕೊಟ್ಟು, ಕೈಯಲ್ಲಿ ಹಿಡಿಯುವಂಥ ವಿಕಿರಣ ಮಾಪಕವನ್ನು ತಂದೆ.

ಇದು ಕಾಂತಕ್ಷೇತ್ರ, ವಿದ್ಯುತ್ ಕ್ಷೇತ್ರ ಮತ್ತು 50 ಮೆಗಾಹರ್ಟ್ಸ್‌ನಿಂದ 3.5 ಗಿಗಾಹರ್ಟ್ಸ್‌ವರೆಗಿನ ರೇಡಿಯೊ ತರಂಗಗಳನ್ನು ಅಳೆಯುತ್ತದೆ. ವಿದ್ಯುತ್ ಕ್ಷೇತ್ರದ ಅಳತೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಹಿಡಿದವರ ಮೈಯೇ ಅದನ್ನು ಕದಡುತ್ತದೆ. ಕಾಂತಕ್ಷೇತ್ರದ ಅಳತೆ ಮಾತ್ರ ಚೆನ್ನಾಗಿದೆ. ಚಟ್ನಿ ರುಬ್ಬುತ್ತಿದ್ದ ಮಿಕ್ಸಿಗೆ ತಾಗಿಸಿ ಹಿಡಿದಾಗ 180 ಮಿಲಿಗಾಸ್ (ಕಾಂತಕ್ಷೇತ್ರದ ಬಲವನ್ನು ಹೇಳುವ ಮಾನ) ತೋರಿಸಿದ ಮಾಪಕ, ಒಂದು ಅಡಿ ಹಿಂದಕ್ಕೆ ಸರಿದಾಗ 8ಕ್ಕೆ ಇಳಿಯಿತು. ಅಯಾನೀಕರಿಸದ, ಅಂದರೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಬಲವಿಲ್ಲದ, ವಿಕಿರಣದಿಂದ ರಕ್ಷಣೆಗಾಗಿರುವ ಅಂತರರಾಷ್ಟ್ರೀಯ ಆಯೋಗವು 2010ರಲ್ಲಿ ಸಾರ್ವಜನಿಕರಿಗೆ ಸೂಚಿಸಿದ ಮಿತಿ, ನಮ್ಮ ಮನೆಯ ವಿದ್ಯುತ್ತಿನ ಕಂಪನಾಂಕವಾದ 50 ಹರ್ಟ್ಸ್‌ನಲ್ಲಿ, 200 ಮೈಕ್ರೋಟೆಸ್ಲಾ, ಅಂದರೆ 2,000 ಮಿಲಿಗಾಸ್.

ಇನ್ನು ಗೋಪುರದ ವಿಚಾರ. ಮಲಗುವ ಕೋಣೆಯ ತೆರೆದ ಕಿಟಕಿಯಲ್ಲಿ ಚದರ ಮೀಟರಿಗೆ 3 ಮಿಲಿವ್ಯಾಟ್, ನಮ್ಮ ತಾರಸಿಯಲ್ಲಿ 18 ಮಿಲಿವ್ಯಾಟ್ ಕಂಡಿತು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ವಿಕಿರಣ ಮಿತಿಯನ್ನು ಆವರೆಗೆ ಇದ್ದುದರ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಮೊಬೈಲ್ ಸೇವೆ ಬಳಸುವ 900 ಮೆಗಾಹರ್ಟ್ಸ್ ತರಂಗಗಳಿಗೆ ಅದು ಚದರ ಮೀಟರಿಗೆ 450 ಮಿಲಿವ್ಯಾಟ್ ಆಗುತ್ತದೆ. ನಮ್ಮ ತಾರಸಿಯ ಅಳತೆ ಅದರ ಇಪ್ಪತ್ತನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ಗೋಪುರದ ಆಂಟೆನಾಗಳು ತರಂಗಗಳನ್ನು ಬಹುಮಟ್ಟಿಗೆ ಅಡ್ಡಡ್ಡವಾಗಿ, ತುಸುವೇ ಕೆಳಕ್ಕೆ ಬಾಗಿಸಿ ಕಳುಹಿಸುವುದರಿಂದ ಗೋಪುರವನ್ನು ಹೊತ್ತ ಮನೆಯೊಳಗೆ ಇನ್ನೂ ಕಡಿಮೆ ಇರುತ್ತದೆಂದು ಓದಿದ್ದೆ. ಆ ಮನೆಯವರ ಒಪ್ಪಿಗೆ ಪಡೆದು ಅವರ ನಡುಮನೆಯಲ್ಲಿ ಅಳೆದಾಗ 1 ಮಿಲಿವ್ಯಾಟ್ ಕೂಡ ಬರಲಿಲ್ಲ.

ಈ ಮಾಪಕ ನನಗೆ ಕಲಿಸಿದ ದೊಡ್ಡ ಸಂಗತಿ ಬೇರೆಯೇ ಇದೆ. ಸಿಗ್ನಲ್ ಸರಿಯಾಗಿ ಸಿಗದ ನಮ್ಮ ದೇವರಮನೆಯಲ್ಲಿ ನಿಂತು ಕರೆ ಮಾಡಿದಾಗ ಫೋನಿನ ಪಕ್ಕದ ಅಳತೆ, ಕಿಟಕಿಯ ಬಳಿ ನಿಂತು ಮಾಡಿದ ಕರೆಯದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಗೋಪುರದೊಡನೆ ಸಂಪರ್ಕ ದುರ್ಬಲವಾದಷ್ಟೂ ಫೋನು ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ, ಮತ್ತು ಅದು ಇರುವುದು ನಮ್ಮ ಕಿವಿಗೆ ಅಂಟಿಕೊಂಡೇ. ಅಷ್ಟು ಹತ್ತಿರದ ಅಳತೆಯನ್ನು ಗೋಪುರದ ಮಿತಿಯೊಡನೆ ಹೋಲಿಸುವುದು ಸರಿಯಲ್ಲ, ಏಕೆಂದರೆ ಫೋನಿಗಿರುವ ಮಿತಿ ದೇಹ ಹೀರಿಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಕಿಲೋಗ್ರಾಂಗೆ 1.6 ವ್ಯಾಟ್ ಎಂದಿದೆ. ಆದರೂ ಎರಡು ಕೋಣೆಗಳ ನಡುವಿನ ಅಂತರ ತಾಯಿಯವರಿಗೆ ಮನದಟ್ಟಾಯಿತು. ಈಗ ಅವರು ಕಿಟಕಿ ತೆರೆದಿಟ್ಟು, ಫೋನನ್ನು ಸ್ಪೀಕರಿಗೆ ಹಾಕಿ ಮಾತನಾಡುತ್ತಾರೆ.

ನನ್ನ ಬಲವಾದ ಆಕ್ಷೇಪ ಇರುವುದು ಇದರ ಕೆಂಪು ದೀಪ ಮತ್ತು ಕಿರುಚುವ ಗಂಟೆಯ ಮೇಲೆ. ಚದರ ಮೀಟರಿಗೆ 10 ಮಿಲಿವ್ಯಾಟ್ ದಾಟಿದೊಡನೆ ಇವೆರಡೂ ಶುರುವಾಗುತ್ತವೆ. ಆ ಗಡಿ ಯಾವ ಮಾನದಂಡದಿಂದ ಬಂತೆಂಬುದಕ್ಕೆ ಕೈಪಿಡಿಯಲ್ಲಿ ಒಂದು ಸಾಲಿನ ವಿವರಣೆಯೂ ಇಲ್ಲ. ತಾರಸಿಯಲ್ಲಿ ಅದು ಕೂಗಿಕೊಂಡಾಗ ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ ಒಳಗೆ ಹೋದರು, ಅವರಿಗೆ ಲೆಕ್ಕ ಬಿಡಿಸಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಭಯವನ್ನು ಕಳೆಯಲು ಕೊಂಡ ಉಪಕರಣವೇ ಆಧಾರವಿಲ್ಲದ ಭಯವನ್ನು ಹುಟ್ಟಿಸುವುದನ್ನು ನಾನು ಒಪ್ಪಲಾರೆ. ಗಂಟೆಯನ್ನು ನಿಲ್ಲಿಸುವ ಗುಂಡಿಯಿದೆ, ಕೊಂಡವರು ಮೊದಲು ಅದನ್ನು ಒತ್ತಬೇಕು.

ಎರಡನೆಯ ಕೊರತೆ ಅದರ ವ್ಯಾಪ್ತಿಯದು. 5 ಗಿಗಾಹರ್ಟ್ಸ್ ವೈಫೈ ಇದರ ಕಣ್ಣಿಗೇ ಬೀಳುವುದಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ 5ಜಿ ಸೇವೆ ಬಳಸುವ 3.3ರಿಂದ 3.67 ಗಿಗಾಹರ್ಟ್ಸ್ ಪಟ್ಟಿಯ ಮೇಲ್ಭಾಗವೂ ಇದರ ಅಂಚಿನಾಚೆ ಉಳಿಯುತ್ತದೆ. ಹಾಗಾಗಿ ಗೋಪುರದ ಬಗ್ಗೆ ನಾನು ಕೊಟ್ಟ ಸಂಖ್ಯೆಗಳನ್ನು ಪೂರ್ಣ ಲೆಕ್ಕವೆಂದು ತಿಳಿಯಬಾರದು. ಕೊಳ್ಳುವ ಆಲೋಚನೆಯಿದ್ದವರು ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ 8 ಗಿಗಾಹರ್ಟ್ಸ್‌ವರೆಗೆ ಅಳೆಯುವ ಮಾಪಕವನ್ನೇ ಕೇಳಿ ಪಡೆಯಲಿ. ಗೋಪುರ ಒಂದರ ಬಗ್ಗೆಯಷ್ಟೇ ಅನುಮಾನವಿದ್ದರೆ ಮಾಪಕದ ಅಗತ್ಯವೇ ಇಲ್ಲ. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಜಾಲತಾಣದಲ್ಲಿ ಶುಲ್ಕ ಕಟ್ಟಿ, ಆ ಜಾಗದಲ್ಲಿ ಅಧಿಕೃತ ಅಳತೆ ನಡೆಸುವಂತೆ ಕೋರಬಹುದು.